ಗೆರೆ ಅಳಿದ ಬೆಳಕು

ಒತ್ತಡದ ಮುಳ್ಳು ಏರಿತು, ಜಲಜನಕದ ದೀಪ ಫಳ್ಳೆಂದು ಹೊಳೆದು ಆರಿಹೋಯಿತು. ಬೆಳಗಿನಿಂದ ಇದು ಐದನೆಯ ಸಲ. ವಿಜ್ಞಾನಿ ನಿರುಪಮಾ ತಲೆಯ ಮೇಲೆ ಕೈ ಹೊತ್ತು ಕುಳಿತರು.

ಚಂದ್ರನ ನೆಲದಡಿಯ ಆ ಊರಿಗೆ ಇದ್ದದ್ದು ಅದೊಂದೇ ಬಗೆಯ ದೀಪ. ಅಲ್ಲಿನ ಮಂಜುಗಡ್ಡೆಯಿಂದ ಜಲಜನಕ ಬೇಕಾದಷ್ಟು ಸಿಗುತ್ತಿತ್ತು. ಅದನ್ನು ಕಾಯಿಸಿ ಪ್ಲಾಸ್ಮಾ ಮಾಡಿದರೆ ಬೆಳಕು. ಆದರೆ ತೆಳುವಾದ ಜಲಜನಕ ಬಲು ಜಿಪುಣ. ಅದರ ಬೆಳಕನ್ನು ಪಟ್ಟಕದಲ್ಲಿ ಬಿಡಿಸಿ ನೋಡಿದರೆ ಕೆಂಪು, ತಿಳಿನೀಲಿ, ನೇರಳೆ ಎಂದು ನಾಲ್ಕಾರು ಗೆರೆಗಳಷ್ಟೇ ಬಣ್ಣ ಕೊಡುತ್ತದೆ. ಆ ಗುಲಾಬಿ ಬೆಳಕಿನಲ್ಲಿ ಹಸಿರೆಲ್ಲ ಕಪ್ಪು.

ಊರಿನವರಿಗೆ ಅದು ರೂಢಿಯಾಗಿತ್ತು. ಮೊಮ್ಮಗಳ ಮದುವೆಗೆಂದು ಇಳಕಲ್ಲಿನಿಂದ ಬಂದಿದ್ದ ನೇಕಾರಗಿತ್ತಿ ಗುರುಸಿದ್ಧವ್ವನಿಗೆ ಆಗಲಿಲ್ಲ. ನಾಡಿದ್ದೇ ಮದುವೆ. ಇಲ್ಲೇ ಬಣ್ಣ ಹಾಕಿ ನೇಯ್ದ ಸೀರೆಯ ಹಸಿರು ಒಡಲಿನ ಎಳೆಗಳಿಗೆ ಕೆಂಪು ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿ, ಸೆರಗು ನೇಯುವುದೊಂದೇ ಬಾಕಿ. ಬಣ್ಣ ಅಳೆಯುವ ಮಾಪಕ ಒಡಲು ಹಸಿರೆಂದು ಹೇಳಿದರೂ ಅವಳು ಒಪ್ಪಲೊಲ್ಲಳು. ಮದುಮಗಳ ಮೈಮೇಲೆ ಕಪ್ಪು ಬಂದರೆ ಗತಿಯೇನು? ಕಣ್ಣಾರೆ ಕಾಣದೆ ಕೊಂಡಿ ಹಾಕಿದ್ದು ಅವಳ ಮನೆತನದಲ್ಲೇ ಇಲ್ಲವಂತೆ.

ನಿರುಪಮಾ ಅವಳಿಗೆ ವಿವರಿಸಿದ್ದರು. ಪ್ಲಾಸ್ಮಾವನ್ನು ದಟ್ಟವಾಗಿಸಿದರೆ ಅಕ್ಕಪಕ್ಕದ ವಿದ್ಯುತ್ ಕಣಗಳು ಪ್ರತಿ ಪರಮಾಣುವನ್ನೂ ಎಳೆದಾಡುತ್ತವೆ. ಗೆರೆಗಳು ಹಿಗ್ಗಿ, ಒಂದರೊಳಗೊಂದು ಬೆರೆತು, ಎಡೆಬಿಡದ ಬಣ್ಣದ ಪಟ್ಟಿಯಾಗುತ್ತವೆ. ಹಸಿರೂ ಅದರಲ್ಲಿರಲೇಬೇಕು. ಆದರೆ ದೀಪವೇ ನಿಲ್ಲುತ್ತಿಲ್ಲವಲ್ಲ!

ಆರನೆಯ ಸಲ ದೀಪ ಆರಿದಾಗ ಗುರುಸಿದ್ಧವ್ವ ಬಾಯಿಬಿಟ್ಟಳು: "ಅಕ್ಕಾರ, ದೀಪ ಆರೋಕಿಂತ ಮೊದಲ ಒಂದು ಚಣ ಹಸಿರು ಕಂಡೇನಿ. ದೀಪಕ್ಕ ಏನೂ ಆಗಿಲ್ಲ. ಯಾರೋ ಆರಸಾಕತ್ತಾರ ನೋಡ್ರಿ."

ಆರಿಸುತ್ತಿದ್ದದ್ದು ನಿರುಪಮಾ ಅವರೇ ಕೂರಿಸಿದ್ದ ಕಾವಲು ಯಂತ್ರ. ಗೆರೆ ಎಣಿಸುವುದು ಅದರ ಕೆಲಸ. ಒಂದೂ ಕಾಣದಿದ್ದರೆ ಜಲಜನಕ ಮುಗಿಯಿತೆಂದು ತಿಳಿದು ದೀಪ ನಿಲ್ಲಿಸುತ್ತಿತ್ತು. ಗೆರೆಗಳು ಬೆರೆತುಹೋಗಬಹುದೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಂಥ ಪೆದ್ದುತನ ತನ್ನದು ಎಂದು ನಗುತ್ತಲೇ ನಿರುಪಮಾ ಅದರ ತಂತಿ ಕಿತ್ತರು.

ಹಗಲಿನಂಥ ಬಿಳಿ ಬೆಳಕು ಹರಡಿತು. ಒಡಲು ಅಚ್ಚ ಹಸಿರು. ಗುರುಸಿದ್ಧವ್ವ ಹಿಗ್ಗಿಹೋದಳು; ಮೊದಲ ಕೊಂಡಿ ಹಾಕಿ ಮೊಮ್ಮಗಳು ಹೊನ್ನಿಯನ್ನು ಕರೆಸಿದಳು. ಚಂದ್ರನಲ್ಲೇ ಹುಟ್ಟಿ ಬೆಳೆದ ಹುಡುಗಿ, ಅಂಥ ಬೆಳಕು ಕಂಡವಳಲ್ಲ, ಕಣ್ಣರಳಿಸಿ ನಿಂತಳು.

ಅಜ್ಜಿಯ ಕೈಯಿಂದ ಎಳೆ ಜಾರಿತು. ಇಪ್ಪತ್ತೆರಡು ವರ್ಷ ಎಲ್ಲರೂ, ಸ್ವತಃ ಹೊನ್ನಿಯೂ, ಕಪ್ಪೆಂದೇ ತಿಳಿದಿದ್ದ ಆ ಕಣ್ಣುಗಳು ಹಸಿರಾಗಿದ್ದವು.

"ನಮ್ಮವ್ವನ ಕಣ್ಣು," ಎಂದಳು ಗುರುಸಿದ್ಧವ್ವ. "ನನಗೂ ಬರಲಿಲ್ಲ, ನಿಮ್ಮಪ್ಪಗೂ ಬರಲಿಲ್ಲ. ಆಕಿ ಜೋಡಿನ ಹೋದುವು ಅಂದ್ಕೊಂಡಿದ್ದೆ."

ಹೊನ್ನಿ ಕನ್ನಡಿ ತರಲು ಓಡಹೊರಟಳು. ಅಜ್ಜಿ ಅಳುತ್ತ ನಗುತ್ತ ಅವಳ ಎರಡೂ ಕೆನ್ನೆ ಹಿಡಿದು ನಿಲ್ಲಿಸಿದಳು.

"ಕನ್ನಡಿ ಆಮ್ಯಾಲ. ಮೊದಲ ನಾ ನೋಡತೀನಿ."