ಹಡಗಿನ ಆಟ, ಕೆರೆಯ ಆಟ

"ಹಡಗು ಚಂದ ಅದಾವ. ಇದನ್ನ ಆರಿಸಿದವರಿಗೆ ಕಣ್ಣು ಅದ, ಬುದ್ಧಿ ಸ್ವಲ್ಪ ಕಡಿಮಿ."

ಕನ್ನಡ!

ಕಾಶಿಯ ಭೇಲೂಪುರದ ಆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇಷ್ಟು ವರ್ಷ ಯಾರೂ ಕನ್ನಡ ಮಾತಾಡಿರಲಿಲ್ಲ. ದಾಕ್ಷಾಯಣಿ ತಟ್ಟನೆ ತಿರುಗಿದಳು. ಅವಳು ಆರಿಸಿಟ್ಟಿದ್ದ ಆಟದ ಡಬ್ಬಿಯನ್ನು ಹಿಡಿದು ಹೊಸಬನೊಬ್ಬ ತನ್ನಷ್ಟಕ್ಕೇ ಗೊಣಗುತ್ತಿದ್ದ.

"ಆರಿಸಿದಾಕಿ ನಾನೇ ರೀ."

ಡಬ್ಬಿ ಅವನ ಕೈಯಿಂದ ಜಾರಿತು. ಮರದ ಪುಟ್ಟ ಹಡಗುಗಳು ನೆಲದ ತುಂಬ ಚೆಲ್ಲಿದವು. ಇಬ್ಬರೂ ಒಟ್ಟಿಗೇ ಬಗ್ಗಿದರು. ಅವನ ಕಿವಿಗಳು ಕೆಂಪಾಗಿದ್ದವು. ಅವಳಿಗೆ ಕೋಪ ಬರಬೇಕಿತ್ತು... ಬರಲಿಲ್ಲ.

ಅವನ ಹೆಸರು ತೋಂಟೇಶ. ಗದಗಿನವನು. ರಜೆಯಲ್ಲಿದ್ದ ವಾಣಿಜ್ಯದ ಮೇಷ್ಟರ ಜಾಗಕ್ಕೆ ಮಾರ್ಚ್ ಕೊನೆಯವರೆಗೆ ಬಂದಿದ್ದ. ಅಲ್ಲಿನ ವೀರಶೈವ ಮಠದ ಅತಿಥಿಗೃಹದಲ್ಲಿ ಉಳಿದಿದ್ದ. ಆ ಮಠದ ಕಚೇರಿಯಲ್ಲಿ ಕೆಲಸ ಮಾಡುವ ಶಿವಬಸಯ್ಯನವರ ಮಗಳೇ ದಾಕ್ಷಾಯಣಿ. ಕಾಶಿಯಲ್ಲೇ ಹುಟ್ಟಿ ಬೆಳೆದವಳು. ಅರ್ಥಶಾಸ್ತ್ರ ಕಲಿಸುತ್ತಿದ್ದಳು.

ಮುಂದಿನ ವರ್ಷದಿಂದ ಮಕ್ಕಳಿಗೆ ವ್ಯಾಪಾರ, ಅರ್ಥಶಾಸ್ತ್ರ ಎರಡನ್ನೂ ಲೆಕ್ಕಾಚಾರ ಹಾಕಿ ಆಡುವ ಬೋರ್ಡ್ ಆಟದ ಮೂಲಕ ಕಲಿಸಬೇಕೆಂದು ಪ್ರಿನ್ಸಿಪಾಲ್ ವಿಜಯಾ ಮೇಡಂ ನಿರ್ಧರಿಸಿದ್ದರು. ಎಲ್ಲ ತರಗತಿಗಳಿಗೂ ಒಂದೇ ಆಟ ತರಿಸುವುದು. ಯಾವುದೆಂದು ಇವರಿಬ್ಬರೂ ಆಡಿಸಿ ನೋಡಿ ಹೇಳಬೇಕು.

ದಾಕ್ಷಾಯಣಿಯದು ಹಡಗಿನ ಆಟ. ಬಂದರಿನಿಂದ ಬಂದರಿಗೆ ಸರಕು ಒಯ್ಯಬೇಕು. ಸರಕು ಕಡಿಮೆಯಾದ ಕಡೆ ಬೆಲೆ ಏರುತ್ತದೆ. ನಷ್ಟವಾದರೆ ಹಡಗು ಹೋಗುತ್ತದೆ, ಹಡಗೆಲ್ಲ ಹೋದವರು ಆಟದಿಂದ ಹೊರಗೆ. ತೋಂಟೇಶನದು ಕೆರೆಯ ಆಟ. ಎಲ್ಲರಿಗೂ ಸೇರಿ ಒಂದೇ ಕೆರೆ. ಯಾರೆಷ್ಟು ಮೀನು ಹಿಡಿಯುತ್ತಾರೆಂಬುದು ಗುಟ್ಟು. ಆಸೆ ಹೆಚ್ಚಾದರೆ ಕೆರೆ ಬರಿದು, ಎಲ್ಲರಿಗೂ ಸೋಲು.

ಪ್ರತಿ ಶನಿವಾರ ಹನ್ನೊಂದನೇ ತರಗತಿಯಲ್ಲಿ ಆಟ. ಆಮೇಲೆ ಚೌಕದಲ್ಲಿ ಕುಲ್ಹಡ್ ಎಂಬ ಮಣ್ಣಿನ ಲೋಟದಲ್ಲಿ ಚಹಾ. ಆಮೇಲೆ ಗಂಗೆಯ ದಂಡೆ ಹಿಡಿದು ಮನೆಯವರೆಗೆ ನಡಿಗೆ. ಅಡುಗೆಮನೆಯಲ್ಲಷ್ಟೇ ಬಳಸುತ್ತಿದ್ದ ಕನ್ನಡದಲ್ಲಿ ಅವಳೀಗ ಬೆಲೆ, ಬೇಡಿಕೆ, ಕನಸು, ಎಲ್ಲವನ್ನೂ ಮಾತಾಡುತ್ತಿದ್ದಳು. ಮಂಜಿನಲ್ಲಿ ದೋಣಿಗಳು ತೇಲಿ ಬಂದು ಮರೆಯಾಗುತ್ತಿದ್ದವು. ಈ ದಾರಿ ಇನ್ನಷ್ಟು ಉದ್ದ ಇರಬಾರದಿತ್ತೇ ಅನಿಸುತ್ತಿತ್ತು ಅವಳಿಗೆ.

ಒಂದು ಶನಿವಾರ ತಾಯಿಗೆ ಜ್ವರವೆಂದು ಅವಳು ಕಾಲೇಜಿಗೆ ಹೋಗಲಿಲ್ಲ. ಸೋಮವಾರ ವಿಜಯಾ ಮೇಡಂ ಕರೆದು, ಹಡಗಿನ ಆಟ ಬೇಡವೆಂದು ತೋಂಟೇಶ ವರದಿ ಬರೆದುಕೊಟ್ಟಿದ್ದಾನೆ ಎಂದರು. ಕಾರಣ ಕೇಳುವ ಮೊದಲೇ ಅವಳು ಎದ್ದು ಬಂದಳು.

ನಾನಿಲ್ಲದ ದಿನ... ನನಗೊಂದು ಮಾತೂ ಹೇಳದೆ?

ಆ ನಗು, ಆ ನಡಿಗೆ ಎಲ್ಲ ತನ್ನ ಆಟ ಗೆಲ್ಲಿಸಿಕೊಳ್ಳುವುದಕ್ಕಾ? ಅವನು ಎರಡು ಸಲ ಹತ್ತಿರ ಬಂದು ಮಾತಾಡಿಸಿದ. ಎರಡು ಸಲವೂ ಅವಳು ಹಿಂದಿಯಲ್ಲೇ ಉತ್ತರಿಸಿದಳು. ಮೂರನೆಯ ಸಲ ಅವನು ಬರಲಿಲ್ಲ.

ತನ್ನ ಆಟವೇ ಸರಿ ಎಂದು ತೋರಿಸಲು ಮುಂದಿನ ಶನಿವಾರ ಅವಳು ಒಬ್ಬಳೇ ಹಡಗಿನ ಆಟ ಆಡಿಸಿದಳು. ಪ್ರತಿ ಸಲ ಗೆಲ್ಲುವವರ ಮೇಜಿನ ಬಳಿ ನಿಲ್ಲುತ್ತಿದ್ದವಳು ಅಂದು ಅವನ ಮಾತು ತಪ್ಪೆಂದು ಖಚಿತಪಡಿಸಿಕೊಳ್ಳಲೆಂದೇ ಹಿಂದೆ ಹೋಗಿ ಕೂತಳು. ಪಕ್ಕದಲ್ಲಿ ಅದಿತಿ ಎಂಬ ಹುಡುಗಿ. ಎರಡನೇ ಸುತ್ತಿಗೇ ಆ ಹುಡುಗಿಯ ಹಡಗುಗಳೆಲ್ಲ ಹೋಗಿದ್ದವು. ಉಳಿದ ಒಂದು ಗಂಟೆ ಅವಳು ಜಡೆಯ ತುದಿ ಹೆಣೆಯುತ್ತ, ಬಿಚ್ಚುತ್ತ ಕೂತಿದ್ದಳು.

ಯಾಕಮ್ಮಾ ಸುಮ್ಮನಿದ್ದೀ ಎಂದು ಕೇಳಿದರೆ, ತನ್ನ ಸರದಿ ಯಾವಾಗಲೂ ಬೇಗ ಮುಗಿದುಹೋಗುತ್ತದೆ ಎಂದಳು ಹುಡುಗಿ. ಕಳೆದ ಶನಿವಾರ ಈ ಆಟದ ನಡುವೆ ಅಳು ಬಂದಿತ್ತಂತೆ. ತೋಂಟೇಶ್ ಸರ್ ಪಕ್ಕದಲ್ಲೇ ಕೂತು, ಬೆಲೆ ಯಾಕೆ ಏರುತ್ತದೆಂದು ಹೇಳಿಕೊಟ್ಟರಂತೆ.

ಇಷ್ಟು ಶನಿವಾರ ಈ ಮಗು ನನ್ನ ಕಣ್ಣಿಗೆ ಬೀಳಲೇ ಇಲ್ಲವಲ್ಲ... ದಾಕ್ಷಾಯಣಿಗೆ ತನ್ನ ಮೇಲೇ ನಾಚಿಕೆಯಾಯಿತು. ಅಂದೇ ವಿಜಯಾ ಮೇಡಂ ಬಳಿ ಹೋಗಿ, ಎಲ್ಲರೂ ಕೊನೆಯವರೆಗೂ ಆಡುವ ಕೆರೆಯ ಆಟವನ್ನೇ ತರಿಸಿ ಎಂದಳು.

ಮರುದಿನ ಭಾನುವಾರ. ತೋಂಟೇಶ ಗಂಗೆಯ ಆಚೆ ದಡದ ರಾಮನಗರದ ಕೋಟೆ ನೋಡಲು ಹೊರಟನೆಂದು ಅಪ್ಪ ಹೇಳಿದ್ದೇ ತಡ, ಅವಳು ದೋಣಿ ನಿಲ್ಲುವ ಘಾಟಿಗೆ ಓಡಿದಳು. ದೋಣಿ ಇನ್ನೇನು ಬಿಡಬೇಕು. ಅವನ ಎದುರಿಗೇ ಹತ್ತಿ ಕೂತಳು.

ಹುಟ್ಟು ಹಾಕುವ ಸದ್ದು. ಮಂಜಿನಲ್ಲಿ ಬಿಳಿಯ ನೀರುಹಕ್ಕಿಗಳು. ಆಚೆ ದಡ ಇದೆಯೋ ಇಲ್ಲವೋ ಎಂಬಂತಿತ್ತು.

"ಅದಿತಿ ವಿಷಯ ನನಗ್ಯಾಕ ಹೇಳಲಿಲ್ಲ?" ಎಂದಳು ಕೊನೆಗೆ.

"ಹೇಳಬೇಕಿತ್ತು. ಆ ಆಟ ಆಡಿಸುವಾಗ ನಿಮ್ಮ ಮುಖ ಅಷ್ಟು ಖುಷಿಯಾಗಿರತದ... ಎದುರಿಗೆ ಹೇಳಾಕ ಧೈರ್ಯ ಬರಲಿಲ್ಲ. ಕಾಗದದ ಮ್ಯಾಲೆ ಬರದುಬಿಟ್ಟೆ. ತಪ್ಪು ನಂದು."

"ನಂದೂ ಅದ. ಕೇಳದಽ ಸಿಟ್ಟಾದೆ." ಅವಳು ನೀರಿಗೆ ಬೆರಳು ಅದ್ದಿದಳು. "ಕೆರೀ ಆಟ ತರಸ್ರಿ ಅಂತ ಹೇಳಿ ಬಂದೀನಿ."

ಅವನು ಮೆಲ್ಲಗೆ ನಕ್ಕ. ಆದರೆ ಮಾರ್ಚ್ ಮುಗಿದರೆ ಅದನ್ನು ಆಡಿಸಲು ತಾನು ಇಲ್ಲಿರುವುದಿಲ್ಲವೆಂದ.

ಈಗ ಹೇಳದಿದ್ದರೆ ಇನ್ನೆಂದು?

"ಆಟಕ್ಕಂತ ಇರ್ರಿ ಅನ್ನಾಕತ್ತಿಲ್ಲ ನಾನು."

"ಮತ್ತ?"

"ನನ್ನ ಸಲುವಾಗಿ ಇರ್ರಿ."

ಮಂಜು ಸರಿದು ಕೋಟೆಯ ಗೋಡೆ ನಿಧಾನವಾಗಿ ಕಾಣಿಸಿತು.

"ಬ್ಯಾರೆ ಕೆಲಸ ಹುಡುಕಬೇಕಾಗ್ತದ ಈ ಊರಾಗ," ಎಂದ.

"ಹುಡುಕೋಣ."

"ಒಂದೊಂದು ಸಲ ಹೇಳದಽ ಇರೂದು ನನ್ನ ಸ್ವಭಾವ. ಸಹಿಸಿಕೊಳ್ತೀರೇನು?"

"ಇಲ್ಲ. ಕೇಳಿ ಕೇಳಿ ಹೇಳಸ್ತೀನಿ."

"ಹಂಗಾದ್ರ ಈಗಲೇ ಕೇಳ್ರಿ."

ಅವಳು ತಲೆ ಎತ್ತಿ ಅವನನ್ನು ನೋಡಿದಳು. "ಏನದ ನಿಮ್ಮ ಮನಸಿನಾಗ?"

"ನೀವು," ಎಂದ ಅವನು.