ಇಟಲಿ ಸೊಪ್ಪು

ಕಂಪಲಾಪುರದ ಶಾಮಿಯಾನ ಕಾಂತರಾಜುವಿಗೆ ಹೊಟ್ಟೆಯುರಿ ಹತ್ತಿದ್ದು ಚಲುವಯ್ಯನಿಗೆ ಶಾಲು ಹೊದಿಸಿದ ದಿನ. ಪೆಂಡಾಲು ಹಾಕಿದವನು ಕಾಂತರಾಜು, ಕುರ್ಚಿ ಜೋಡಿಸಿದವನು ಕಾಂತರಾಜು, ವೇದಿಕೆಯ ಹಿಂದೆ ಪ್ಲಾಸ್ಟಿಕ್ ಹೂಬಳ್ಳಿ ಕಟ್ಟಿದವನೂ ಅವನೇ. ಶಾಲು, ಹಾರ, ಹಣ್ಣಿನ ಬುಟ್ಟಿ ಮಾತ್ರ ಚಲುವಯ್ಯನಿಗೆ. ಯಾಕೆ? ಆತ ಒಂದು ಕೋಣೆಯೊಳಗೆ ಮಣ್ಣಿಲ್ಲದೆ, ಬಿಸಿಲಿಲ್ಲದೆ, ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ, ದೀಪದ ಬೆಳಕಿನಲ್ಲಿ, ಪೈಪಿನ ನೀರಿನಲ್ಲಿ ಸೊಪ್ಪು ಬೆಳೆದನಂತೆ! ಪ್ರಗತಿಪರ ರೈತನಂತೆ! ಮೈಕಿನ ಮುಂದೆ ಎರಡು ಮಾತು ನೆಟ್ಟಗೆ ಆಡಲು ಬಾರದ ಗಮಾರ. ಸಭೆ ಮುಗಿದ ಮೇಲೆ ಅದೇ ಚಲುವಯ್ಯ, ಕುರ್ಚಿ ಮಡಚುತ್ತಿದ್ದ ಕಾಂತರಾಜುವಿನ ಕೈಗೆ ಒಂದು ಬಾಳೆಹಣ್ಣು ಇಟ್ಟು, "ತಿನ್ನಪ್ಪ, ಬೆಳಗ್ಗಿಂದ ದುಡ್ದಿದ್ದೀಯೆ" ಅಂದ. ಆ ಬಾಳೆಹಣ್ಣು ಇವತ್ತಿಗೂ ಅವನ ಗಂಟಲಿಂದ ಕೆಳಗಿಳಿದಿಲ್ಲ.

ಇಂಥ ಬೇಸಾಯಕ್ಕೆ ಸಹಾಯಧನ ಉಂಟು ಎಂಬುದೂ ಅವತ್ತೇ ಅವನ ಕಿವಿಗೆ ಬಿದ್ದಿತ್ತು. ಮೊದಲು ಬ್ಯಾಂಕಿನ ಸಾಲ, ಬೆಳೆದು ತೋರಿಸಿದ ಮೇಲೆ ಸಹಾಯಧನ. ತೋರಿಸುವುದು! ಕಾಂತರಾಜುವಿಗೆ ನಗು ಬಂತು. ಜೀವಮಾನವೆಲ್ಲ ಅವನು ಮಾಡಿದ್ದೇ ತೋರಿಸುವ ಕೆಲಸ. ಥರ್ಮಾಕೋಲಿನ ಕಂಬವನ್ನು ಅಮೃತಶಿಲೆಯೆಂದು ನಂಬಿ, ಒರಗಿ ನಿಂತು ಫೋಟೋ ತೆಗೆಸಿಕೊಳ್ಳುವ ಈ ಜನಕ್ಕೆ ನಿಜವಾದ ಸೊಪ್ಪು ಬೇರೆ ದಂಡ.

ಸಾಲಕ್ಕೆ ಅವ್ವ ಚಾಮುಂಡಮ್ಮನ ಗದ್ದೆಯನ್ನು ಅಡ ಇಟ್ಟ. ನಾಲೆಯ ಕೆಳಗಿನ ಆ ಗದ್ದೆಯೊಂದೇ ಅವಳಿಗೆ ಉಳಿದಿದ್ದು. ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡಳು.

"ಗದ್ದೆ ಓಗ್ಬುಟ್ರೆ ನಾನ್ ಸತ್ಮೇಲೆ ಪಿಂಡಕ್ಕೂ ಅಕ್ಕಿ ಇರಾಕಿಲ್ಲ ಕಣ್ಲಾ."

"ಎಲ್ಲೂ ಓಗಾಕಿಲ್ಲ ಬುಡವ್ವ. ಗೌರಿ ಅಬ್ಬಕ್ಕೆ ಬುಡಿಸ್ಕೊಡ್ತೀನಿ."

ಆಮೇಲಿನ ವಾರವೇ ಆ ಸಾಲ ಒಂದು ಬಿಳಿ ಕಾರಾಗಿ ಮನೆ ಮುಂದೆ ನಿಂತಿತು.

ಉಳಿದದ್ದೆಲ್ಲ ಕಾಂತರಾಜುವಿಗೆ ನೀರು ಕುಡಿದಷ್ಟು ಸಲೀಸು. ಅಪ್ಪನ ಕಾಲದಲ್ಲಿ ಹೊಗೆಸೊಪ್ಪು ಬೇಯಿಸುತ್ತಿದ್ದ ಎತ್ತರದ ಕೋಣೆ, ಬ್ಯಾರನ್ನು, ಹಿತ್ತಲಲ್ಲಿ ಪಾಳು ಬಿದ್ದಿತ್ತು. ಅದಕ್ಕೆ ಸುಣ್ಣ ಹೊಡೆಸಿದ. ಪೆಂಡಾಲಿನ ಕಬ್ಬಿಣದ ಕಂಬಗಳೇ ಅಂತಸ್ತುಗಳಾದವು. ಆರ್ಕೆಸ್ಟ್ರಾ ವೇದಿಕೆಗೆ ಕಟ್ಟುವ ನೇರಳೆ ದೀಪಗಳು ಗಿಡಗಳ ಸೂರ್ಯನಾದವು. ನಡುವೆ ಗಾಜಿನ ಗೋಡೆ. ಅದರ ಮೇಲೆ, ‘ರೋಗಾಣು ಬರುತ್ತದೆ, ಒಳಗೆ ಪ್ರವೇಶವಿಲ್ಲ’ ಎಂಬ ಬೋರ್ಡು. ಗಾಜಿನ ಈಚೆಗೆ, ಕೈಗೆ ಸಿಗುವ ಒಂದೇ ಒಂದು ಸಾಲಿನಲ್ಲಿ ಹುಣಸೂರು ಸಂತೆಯ ನಿಜವಾದ ಪುದೀನ. ಬೇರಿನಲ್ಲಿ ಒಂದು ಕಾಳು ಮಣ್ಣೂ ಉಳಿಯದಂತೆ ಅದನ್ನು ತಾನೇ ಕೂತು ತೊಳೆದ. ಅಲ್ಲೇ ದಡ್ಡರು ಸಿಕ್ಕಿಬೀಳುವುದು ಎಂದು ಅವನಿಗೆ ಗೊತ್ತಿತ್ತು. ಗಾಜಿನ ಆಚೆಗೆ ಸೂರಿನವರೆಗೂ ಪ್ಲಾಸ್ಟಿಕ್ಕು. ಎಲೆ ಅಲುಗಾಡಲು ಫ್ಯಾನು, ಹನಿ ನಿಲ್ಲಲು ನೀರಿನ ಸ್ಪ್ರೇ. ಎಲ್ಲವೂ ಹಸಿರಾಗಿದ್ದರೆ ಅನುಮಾನ ಬಂದೀತೆಂದು ಅಲ್ಲೊಂದು ಇಲ್ಲೊಂದು ಎಲೆಗೆ ಹಳದಿ ಬಣ್ಣ ಹಚ್ಚಿದ. ಇದಲ್ಲವೇ ಬುದ್ಧಿ!

ಪ್ಲಾಸ್ಟಿಕ್ ಗಿಡಗಳನ್ನು ತಂದದ್ದು ಹುಣಸೂರಿನ ಅಹಮದ್ ಪಾಷಾನ ಅಲಂಕಾರದ ಅಂಗಡಿಯಿಂದ. ಪಾಷಾ ಪಾಪ, ಒಂದೊಂದೇ ಬಿಚ್ಚಿ ತೋರಿಸಲು ಹೊರಟ.

"ಎಲೇಲಿ ಬೇಕಾದಷ್ಟು ಥರ ಅವೆ ಕಾಂತಣ್ಣ, ನೋಡಿ ಆರಿಸ್ಕೊಳ್ಳಿ. ಈ ಗೋಣೀದು ಮಾತ್ರ ಕಾಲೇಜು ಹುಡುಗ್ರು ರೂಮಿಗೆ ಕಟ್ಕೊಳ್ಳೋ ಮಾಲು."

"ಅಗ್ಗ ತಾನೆ? ಒತ್ತಾಗವೆ ತಾನೆ? ಎಲೆ ಅಂದ್ರೆ ಎಲೆ ಕಣ್ರೀ ಪಾಷಾ, ಅದ್ರಲ್ಲೇನ್ ಆರ್ಸೋದು? ಎಲ್ಲಾ ಕಾರಿಗಾಕ್ಸಿ."

ಬೆಳೆಗೊಂದು ಹೆಸರು ಬೇಕಿತ್ತು. ಇಲ್ಲಿನ ಸೊಪ್ಪಿನ ಹೆಸರಿಟ್ಟರೆ ಹಳ್ಳಿಯ ಹೆಂಗಸರು ಕಂಡುಹಿಡಿದುಬಿಡುತ್ತಾರೆ. ‘ಇಟಲಿ ಸೊಪ್ಪು’ ಎಂದ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಗಂಡು ಈ ತಾಲ್ಲೂಕಿನಲ್ಲಿ ಹುಟ್ಟಿಲ್ಲವೆಂಬುದು ಅವನ ಧೈರ್ಯ. ಚಾಮುಂಡಮ್ಮ ಮಾತ್ರ ಗಾಜಿಗೆ ಮೂಗು ಒತ್ತಿ ನಿಂತು, "ಈ ಎಲೆ ಎಲ್ಲೋ ನೋಡಿವ್ನಿ ಕಣ್ಲಾ" ಅಂದಳು.

"ಇಟ್ಲಿಗೆ ಯಾವಾಗ ಓಗಿದ್ದವ್ವ? ಸುಮ್ಕೆ ಓಗಿ ಕಾಪಿ ಕಾಸು."

ಬೆಳೆ ನೋಡಿ ಸಹಾಯಧನ ಮಂಜೂರು ಮಾಡಲು ತೋಟಗಾರಿಕೆ ಇಲಾಖೆಯ ಸಾಹೇಬರು ಬರುವುದಕ್ಕೆ ಒಂದು ವಾರ ಮೊದಲೇ ಕಂಪಲಾಪುರದ ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸು ನಿಂತಿತು. ಒಂದು ಕಡೆ ಕೈಮುಗಿದ ಕಾಂತರಾಜು, ಇನ್ನೊಂದು ಕಡೆ ಅವನ ತಲೆಗಿಂತ ದೊಡ್ಡದಾದ ಒಂದು ಎಲೆ, ಕೆಳಗೆ ಫೋನ್ ನಂಬರು. ‘ಮಣ್ಣಿಲ್ಲ, ಬಿಸಿಲಿಲ್ಲ, ಬರೀ ಬಂಗಾರ.’ ಪಡ್ಡೆ ಹುಡುಗರು ಬೈಕು ನಿಲ್ಲಿಸಿ, ಫ್ಲೆಕ್ಸಿನ ಜೊತೆ ಸೆಲ್ಫಿ ತೆಗೆದುಕೊಂಡು, ಬಿದ್ದುಬಿದ್ದು ನಗುತ್ತಿದ್ದರು. ಕಂಡವರ ಏಳಿಗೆ ಕಂಡರೆ ಆಗದ ಜಾತಿ! ಅಂದುಕೊಂಡ ಕಾಂತರಾಜು. ಗುರುತಿಲ್ಲದವರ ಫೋನುಗಳು ಬರತೊಡಗಿದವು. ಕೇರಳದ ಕಡೆಯವನೊಬ್ಬ ದನಿ ತಗ್ಗಿಸಿ, "ಚೇಟ್ಟಾ, ಒಣಗಿಸಿದ್ದು ಉಂಟಾ? ಕಿಲೋ ಏನು ರೇಟು?" ಅಂದ. ಇಲ್ಲದ ಸೊಪ್ಪಿಗೆ ಹೊರರಾಜ್ಯದಿಂದ ಗಿರಾಕಿ! ಆ ಚಲುವಯ್ಯನಿಗೆ ಒಂದು ಫೋನಾದರೂ ಬಂದಿತ್ತೇ?

ಸಾಹೇಬರ ಹೆಸರು ಗುರುಸ್ವಾಮಿ. ಶೂಗೆ ಕೆಸರು ತಾಗದಂತೆ ಕಾಲಿಡುವ ಮನುಷ್ಯ. ನೋಡಿದ ಕೂಡಲೇ ಕಾಂತರಾಜುವಿನ ಜೀವ ತಣ್ಣಗಾಯಿತು. ಊರಿನವರು ಬ್ಯಾರನ್ನಿನ ಮುಂದೆ ಸೇರಿದ್ದರು, ಚಲುವಯ್ಯನೂ ಬಂದಿದ್ದ. ಸಾಹೇಬರು ಒಂದೆಸಳು ಪುದೀನ ಮೂಸಿ ತಲೆದೂಗಿದರು, ಗಾಜಿನಲ್ಲಿ ಇಣುಕಿದರು. ನೇರಳೆ ಬೆಳಕಿನಲ್ಲಿ ಸಾವಿರಾರು ಎಲೆಗಳು ಮೆಲ್ಲಗೆ ತಲೆಯಾಡಿಸಿದವು.

"ಇಟಲಿ ಸೊಪ್ಪಲ್ವಾ? ನಾನು ತಿಂದಿದ್ದೀನಿ," ಅಂದರು ಗುರುಸ್ವಾಮಿ. "ಸ್ವಲ್ಪ ಕಹಿ. ಆದ್ರೆ ಆರೋಗ್ಯಕ್ಕೆ ಬಹಳ ಒಳ್ಳೇದು."

ಕಾಂತರಾಜುವಿಗೆ ನಗು ತಡೆಯುವುದೇ ಕಷ್ಟವಾಯಿತು. ಕಾರಿನ ಬಾನೆಟ್ಟಿನ ಮೇಲೆ ಕಾಗದ ಹರಡಿ ಸಾಹೇಬರು ಸಹಿ ಹಾಕಿದರು. ಕಾಂತರಾಜು ತಾನೇ ತಂದಿಟ್ಟಿದ್ದ ಶಾಲನ್ನು ಅವರ ಕೈಗೆ ಕೊಟ್ಟು, ತನಗೆ ಹೊದಿಸಿಕೊಂಡ. ಚಲುವಯ್ಯನ ಕಡೆ ತಿರುಗಿ, "ತಗೋ ಚಲುವಣ್ಣ, ಬೆಳಗ್ಗಿಂದ ನಿಂತಿದ್ದೀಯೆ" ಎಂದು ಒಂದು ಬಾಳೆಹಣ್ಣು ಕೊಟ್ಟ. ಅಷ್ಟರಲ್ಲಿ ಒಂದು ಜೀಪು ಬಂದು ನಿಂತು, ಖಾಕಿಯವರು ದುಡುದುಡು ಇಳಿದರು. ಸಾಹೇಬರ ಬಂದೋಬಸ್ತಿಗೇ ಇರಬೇಕೆಂದು ಕಾಂತರಾಜು ಶಾಲು ಸರಿಮಾಡಿಕೊಂಡು, "ಬನ್ನಿ ಬನ್ನಿ, ತಿಂಡಿ ತಗೊಂಡೇ ಓಗ್ಬೇಕು" ಅಂದ.

ಬಂದವರು ಅಬಕಾರಿಯವರು. ಇನ್ಸ್‌ಪೆಕ್ಟರು ಮೊಬೈಲಿನಲ್ಲಿದ್ದ ಫ್ಲೆಕ್ಸಿನ ಫೋಟೋ ತೆರೆದು, ಎರಡು ಬೆರಳಲ್ಲಿ ದೊಡ್ಡದು ಮಾಡಿದರು. ಕಾಂತರಾಜುವಿನ ಮುಖ ಅಂಚಿಗೆ ಸರಿದು ಮಾಯವಾಯಿತು, ಎಲೆ ಉಳಿಯಿತು. ಒಂದೇ ತೊಟ್ಟಿನಿಂದ ಹರಡಿದ ಏಳು ಬೆರಳು, ಅಂಚಿಗೆಲ್ಲ ಗರಗಸದ ಹಲ್ಲು. ಕಾಡಂಚಿನಲ್ಲಿ ದನ ಮೇಯಿಸುವವರೂ ಕಣ್ಣುಮುಚ್ಚಿ ಹೇಳುವ ಎಲೆ. "ಸರ್ಕಲ್‌ನಲ್ಲಿ ಫ್ಲೆಕ್ಸ್ ಹಾಕಿ, ಫೋನ್ ನಂಬರ್ ಕೊಟ್ಟು ಗಾಂಜಾ ಬೆಳೆಯೋನ್ನ ನನ್ ಸರ್ವೀಸಲ್ಲೇ ನೋಡಿರ್ಲಿಲ್ಲ ಕಣಯ್ಯಾ," ಅಂದರು ಇನ್ಸ್‌ಪೆಕ್ಟರು. "ಹತ್ತು ವರ್ಷ ಒಳಗೆ." ಗುರುಸ್ವಾಮಿ ಗಾಬರಿಯಿಂದ, "ನಾನು ತಿಂದಿಲ್ಲ, ಸುಮ್ನೆ ಅಂದೆ!" ಎನ್ನುತ್ತ ಸಹಿ ಹಾಕಿದ ಕಾಗದವನ್ನೇ ಚೂರುಚೂರು ಮಾಡತೊಡಗಿದರು. ಕಾಂತರಾಜು ಗಾಜಿನ ಬಾಗಿಲು ಒದ್ದು ಒಳನುಗ್ಗಿ, ಕೈಗೆ ಸಿಕ್ಕ ಗಿಡ ಕಿತ್ತು ತಂದು, ಎಲ್ಲರೆದುರಿಗೆ ಹಲ್ಲಿನಿಂದ ಕಚ್ಚಿ ಎಳೆದ. ಎಲೆ ಹರಿಯಲಿಲ್ಲ, ರಬ್ಬರಿನಂತೆ ಹಿಗ್ಗಿತು. "ಪ್ಲಾಸ್ಟಿಕ್ಕು ಸ್ವಾಮಿ! ನಮ್ಮವ್ವನಾಣೆ, ಒಂದೂ ಗಿಡ ಅಲ್ಲ! ಒಳಗಿರೋದೆಲ್ಲಾ ಪ್ಲಾಸ್ಟಿಕ್ಕು!" ಕಾಫಿ ಲೋಟಗಳ ತಟ್ಟೆ ಹಿಡಿದು ಬರುತ್ತಿದ್ದ ಚಾಮುಂಡಮ್ಮ ಅಲ್ಲೇ ನಿಂತಳು. "ಅಂಗಾರೆ ನನ್ ಗದ್ದೆ ಕತೆ ಏನ್ಲಾ?" ಅಂದಳು.