ಪೌನನ ಪಾಲಿನ ಬೆಳಕು

"ಅದನ್ನ ಮಾತ್ರ ಮುಟ್ಬೇಡ ಕಣಪ್ಪ. ಅದು ನಂದಲ್ಲ. ನಮ್ಮ ಪೌನಂದು," ಎಂದಳು ಫ್ಲೋರಿಕಾ ಅಜ್ಜಿ.

ಹಳೇ ಯಂತ್ರಗಳನ್ನು ಕೊಂಡು ರಿಪೇರಿ ಮಾಡುವ ತಿಹೋಮಿರ್ ಗೋಡೆಯತ್ತ ತಿರುಗಿದ. ಅಜ್ಜಿಯ ಮಗ ಪೌನ್ ಅಲ್ಲಿ ಫೋಟೋದ ಚೌಕಟ್ಟಿನೊಳಗಿದ್ದ. ಮೀಸೆ ಚಿಗುರುತ್ತಿದ್ದ ವಯಸ್ಸು, ಅಮ್ಮನೇ ಹೆಣೆದ ಸ್ವೆಟರು. ತಿಮೋಕ್ ಹೊಳೆಯಲ್ಲಿ ಮುಳುಗಿ ಅವನು ಸತ್ತು ಎಷ್ಟೋ ಕಾಲವಾಗಿತ್ತು.

"ಅವನೇ ಬಂದು ಕೇಳ್ಲಿ ಅಜ್ಜಿ, ವಾಪಸ್ ಕೊಟ್ಬಿಡ್ತೀನಿ," ಎಂದು ನಗುತ್ತ ತಿಹೋಮಿರ್ ಮೇಜಿನ ಮೇಲಿನ ಬಟ್ಟೆ ಸರಿಸಿದ.

ಬಟ್ಟೆಯ ಮೇಲೆ ಒಣಗಿದ ತುಳಸಿಯ ಕಟ್ಟು, ಬೇಯಿಸಿದ ಗೋಧಿಯ ಬಟ್ಟಲು, ಅರ್ಧ ಉರಿದ ಮೇಣದ ಬತ್ತಿ. ಕೆಳಗೆ ಕಂಪ್ಯೂಟರ್. ಪತ್ರಿಕೆಯೊಂದು ಅಚ್ಚು ಹಾಕಿದ್ದ ನಕ್ಷೆ ನೋಡಿಕೊಂಡು, ಬಿಡಿಭಾಗ ತರಿಸಿ, ಹುಡುಗರು ತಾವೇ ಬೆಸುಗೆ ಹಾಕಿ ಕಟ್ಟಿಕೊಳ್ಳುತ್ತಿದ್ದ ಮಾದರಿ. ಪೌನ್ ಅದಕ್ಕೆ ವಾಲ್‌ನಟ್ ಮರದ ಪೆಟ್ಟಿಗೆ ಮಾಡಿದ್ದ. ಪಕ್ಕದಲ್ಲಿ ಕಪ್ಪುಬಿಳುಪು ಟಿವಿ, ಟೇಪ್ ರೆಕಾರ್ಡರ್, ಕ್ಯಾಸೆಟ್ಟುಗಳ ಡಬ್ಬಿ. ಒಂದಿಷ್ಟೂ ತುಕ್ಕಿಲ್ಲ. ಇಂಥದೇ ಒಂದನ್ನು ತಿಹೋಮಿರನೂ ಅವನ ತಮ್ಮ ಓಗ್ನೆನನೂ ಒಂದು ಬೇಸಿಗೆಯಿಡೀ ಕೂತು ಕಟ್ಟಿದ್ದರು. ಆಮೇಲೆ ಆ ಕೆಟ್ಟ ವರ್ಷಗಳು ಬಂದವು. ಬೆಳಿಗ್ಗೆಯ ಸಂಬಳ ಸಂಜೆಗೆ ಬೆಲೆಯಿಲ್ಲದ ಕಾಗದವಾಗುತ್ತಿದ್ದ ಕಾಲದಲ್ಲಿ ಅಪ್ಪ ಅದನ್ನು ಕೊಟ್ಟು ಒಂದು ಮೂಟೆ ಹಿಟ್ಟು ತಂದಿದ್ದ. ಆ ಹಿಟ್ಟಿನ ರೊಟ್ಟಿ ತಿನ್ನುತ್ತ ಓಗ್ನೆನ್ ಅತ್ತದ್ದು ತಿಹೋಮಿರನಿಗೆ ಇನ್ನೂ ನೆನಪಿತ್ತು.

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಸಾಯೋರ ಕೈಗೆ ಮೇಣದ ಬತ್ತಿ ಹಚ್ಚಿ ಕೊಡ್ಬೇಕು. ಅದಿಲ್ದೆ ಸತ್ತ ನನ್ ಮಗ. ನೀರೊಳಗೆ ಯಾರು ಹಚ್ಚಿ ಕೊಡ್ತಾರೆ ಹೇಳು. ಹಂಗೆ ಹೋದೋರಿಗೆ ಅಲ್ಲಿ ಬೆಳಕೇ ಇರಲ್ಲ. ಅವ್ನಿಗೆ ಇಷ್ಟ ಇದ್ದ ಬೆಳಕು ಇದೊಂದೇ. ಊರೋರ್ಗೆಲ್ಲ ಊಟ ಹಾಕಿ, ನೀರು ಬಿಟ್ಟು, ಅವ್ನ ಹೆಸರಿಗೆ ಕೊಟ್ಟಿದೀನಿ. ಕೊಟ್ಟಿದ್ದನ್ನ ಕಿತ್ಕೋಬಾರ್ದು."

"ಆ ಕಡೆ ಕರೆಂಟ್ ಬಿಲ್ ಯಾರು ಕಟ್ತಾರಜ್ಜಿ?"

ಮನೆಯ ಸಾಮಾನನ್ನೆಲ್ಲ ಮಾರಿ ಅಜ್ಜಿಯನ್ನು ಜೊತೆಗೆ ಕರೆದೊಯ್ಯಲು ವಿಯೆನ್ನಾದಿಂದ ಬಂದಿದ್ದ ಅವಳ ತಂಗಿಯ ಮಗ ಯೊನೆಲ್ ಅಂಗಳದಲ್ಲೇ ನಿಂತು, "ತಗೊಂಡ್ಹೋಗಿ ಸಾರ್, ವಯಸ್ಸಾಯ್ತು ಅವ್ರಿಗೆ," ಎಂದ. ಆದರೆ ಒಳಗೆ ಬಂದು ಹೊರಲು ಕೈ ಹಾಕಲಿಲ್ಲ. ತಿಹೋಮಿರ್ ಎಲ್ಲವನ್ನೂ ತಾನೇ ಹೊತ್ತು ಕಾರಿಗೆ ತುಂಬಿಕೊಂಡ. ಅವನ ಬೆನ್ನ ಹಿಂದೆ ಅಜ್ಜಿ ಅಳಲಿಲ್ಲ, ಶಪಿಸಲೂ ಇಲ್ಲ. ಬಟ್ಟೆಯನ್ನು ಮಡಚಿ ಎದೆಗೊತ್ತಿಕೊಂಡು ಬರಿದಾದ ಮೇಜಿನ ಮುಂದೆ ಕೂತಳು.

ಭಾನುವಾರ ನಿಶ್ ಪಟ್ಟಣದ ತಿಹೋಮಿರನ ಮನೆಗೆ ಓಗ್ನೆನ್ ಬಂದ. ಬಸ್ಸು ಓಡಿಸುವವನು. ಸಿಚೆವೋ ಕಣಿವೆಯ ಸುರಂಗಗಳಲ್ಲಿ ದಿನಕ್ಕೆರಡು ಸಲ ಹೋಗಿಬರುವವನು. ಹುರುಳಿಕಾಯಿ ಸೂಪು ಕುಡಿದು, ಪ್ಲಮ್ ಸಾರಾಯಿಯ ಸಣ್ಣ ಗ್ಲಾಸು ಕೈಲಿ ಹಿಡಿದು ಅವನು ಕಂಪ್ಯೂಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

"ಲೋ ಅಣ್ಣ, ಆ ಕೀರಲು ಶಬ್ದ ಕೇಳ್ಸು ಮೊದ್ಲು. ಅದಿಲ್ದೆ ಮಜಾ ಇಲ್ಲ."

"ತಾಳೋ. ಆಗ್ಲೂ ನಿಂಗೆ ತಾಳ್ಮೆ ಇರ್ಲಿಲ್ಲ."

ಆ ಕಾಲದ ಆಟಗಳು ಕ್ಯಾಸೆಟ್ಟಿನಲ್ಲಿ ಕೀರಲು ಸದ್ದಾಗಿಯೇ ಇರುತ್ತಿದ್ದವು; ಅದನ್ನು ಕೇಳಿಸಿದರೆ ಕಂಪ್ಯೂಟರಿಗೆ ಆಟ ಏರುತ್ತಿತ್ತು. ಹೆಸರಿಲ್ಲದ ಕ್ಯಾಸೆಟ್ಟೊಂದನ್ನು ಹಾಕಿ ತಿಹೋಮಿರ್ ಗುಂಡಿ ಒತ್ತಿದ. ಹಿಂದೆ ರೇಡಿಯೋದವರು ಕಾರ್ಯಕ್ರಮದ ನಡುವೆ ಬಿಡುತ್ತಿದ್ದ, ಹುಡುಗರು ಉಸಿರು ಬಿಗಿಹಿಡಿದು ಟೇಪಿಗೆ ಹಿಡಿದುಕೊಳ್ಳುತ್ತಿದ್ದ ಅದೇ ಕೀರಲು. ಅಣ್ಣತಮ್ಮಂದಿರು ಮುಖ ನೋಡಿಕೊಂಡು ನಕ್ಕರು. ಆದರೆ ಕೀರಲಿನ ಅಡಿಯಲ್ಲಿ ಇನ್ನೊಂದು ಸದ್ದಿತ್ತು. ಕಿರಿದಾದ ಬಾಯಿಯ ಪಾತ್ರೆ ನೀರಲ್ಲಿ ಮುಳುಗುವ ಗುಳುಗುಳು. ಬಿಸಿಯೇರಿದ ಧೂಳಿನ ವಾಸನೆಯ ಜೊತೆಗೆ ಹೊಳೆಯ ಕೆಸರಿನ ವಾಸನೆ ಎದ್ದಿತು.

"ಹಳೇ ಮರ. ಒದ್ದೆ ಎಳ್ಕೊಂಡಿದೆ," ಎಂದ ತಿಹೋಮಿರ್.

ಪರದೆ ಬೆಳಗಿತು. ಇಬ್ಬರು ಆಡುವ ಆಟ. ಗೋಡೆಗಳ ನಡುವೆ ಎರಡು ಚುಕ್ಕೆ ಒಂದನ್ನೊಂದು ಅಟ್ಟಿಸಿಕೊಂಡು ಹೋಗಬೇಕು, ಅಷ್ಟೆ. ಅಷ್ಟಕ್ಕೇ ಇಬ್ಬರೂ ಹುಡುಗರಾಗಿಬಿಟ್ಟರು. ಭುಜಕ್ಕೆ ಭುಜ ತಾಗಿಸಿ, ಬೈದಾಡುತ್ತ, ಮೊಣಕೈಯಲ್ಲಿ ತಿವಿಯುತ್ತ ಆಡಿದರು. ಎಷ್ಟು ಹೊತ್ತಾಯಿತೋ. ಕೋಣೆ ಮಸುಕಾಗುತ್ತ ಬಂತು. ಮೋಡ ಕವಿದಿರಬೇಕು ಎಂದುಕೊಂಡರು. ಪರದೆ ಮಾತ್ರ ಹಾಲಿನಷ್ಟು ಬೆಳ್ಳಗಿತ್ತು.

ಕೊನೆಗೆ ಕಂಪ್ಯೂಟರ್ ಆರಿಸಿದಾಗ ಕಣ್ಣಿಗೆ ಏನೂ ಕಾಣಲಿಲ್ಲ.

"ದೀಪ ಹಾಕಣ್ಣ."

ತಿಹೋಮಿರ್ ತಡಕಾಡುತ್ತ ಹೋಗಿ ಸ್ವಿಚ್ಚು ಮುಟ್ಟಿ ನೋಡಿದ. ಅದನ್ನು ಯಾವಾಗಲೋ ಒತ್ತಿ ಆಗಿತ್ತು. ಬಲ್ಬಿನ ಹತ್ತಿರ ಕೈ ಒಯ್ದ. ಸುಡುತ್ತಿತ್ತು. ಕಣ್ಣುಜ್ಜಿಕೊಂಡ ಮೇಲೆ ನಿಧಾನವಾಗಿ, ಒಲ್ಲದ ಮನಸ್ಸಿನಿಂದ ಬಂದಂತೆ, ಕೋಣೆ ವಾಪಸ್ಸು ಬಂತು. ಕಿಟಕಿಯಾಚೆ ಬಿಸಿಲಿತ್ತು. ಮೋಡವೇ ಇರಲಿಲ್ಲ.

ಅವತ್ತಿನಿಂದ ನೋಟದ ಅಂಚುಗಳು ಕಪ್ಪಾಗತೊಡಗಿದವು. ಕಣ್ಣಿನ ಡಾಕ್ಟರು ಇಬ್ಬರನ್ನೂ ಕೂರಿಸಿ, ಹನಿ ಬಿಟ್ಟು, ಕನ್ನಡಿ ಹಿಡಿದು ನೋಡಿ, ಕಣ್ಣು ಚೆನ್ನಾಗಿವೆ, ನಿದ್ದೆ ಮಾಡಿ ಎಂದಳು. ಬೀದಿ ಬೂದಿಯ ಬಣ್ಣಕ್ಕೆ ತಿರುಗಿತು. ಎದುರು ಬರುವವರಿಗೆ ಮುಖವಿರುತ್ತಿರಲಿಲ್ಲ. ಪರದೆಯೊಂದೇ ಸ್ವಚ್ಛ. ಅದನ್ನು ಹಚ್ಚಿದಾಗ ಎಲ್ಲವೂ ಸರಿ ಇದೆಯೆನಿಸುತ್ತಿತ್ತು. ಅದಕ್ಕೇ ತಿಹೋಮಿರ್ ಮತ್ತೆ ಮತ್ತೆ ಹಚ್ಚಿದ. ಅದಕ್ಕೇ ಓಗ್ನೆನ್ ಕೆಲಸ ಮುಗಿಸಿ ನೇರ ಅಲ್ಲಿಗೇ ಬರತೊಡಗಿದ. ಆಟ ಈಗ ಇಬ್ಬರಿಗೂ ಬೇಡವಾಗಿತ್ತು. ಚಳಿಯಲ್ಲಿ ಒಲೆಯ ಮುಂದೆ ಕೂತವರಂತೆ ಮಾತಿಲ್ಲದೆ ಅದರ ಮುಂದೆ ಕೂರುತ್ತಿದ್ದರು. ಪ್ರತಿಸಲ ಆರಿಸಿದಾಗಲೂ ಜಗತ್ತು ಇನ್ನಷ್ಟು ಕಡಿಮೆಯಾಗಿರುತ್ತಿತ್ತು.

"ಬಸ್ಸು ಓಡಿಸ್ಬೇಡ ಕಣೋ," ಎಂದ ತಿಹೋಮಿರ್.

"ಮುಂದಿನ ರಸ್ತೆ ಕಾಣುತ್ತಲ್ಲ. ಪಕ್ಕದ್ದು ಕಾಣ್ದಿದ್ರೆ ಏನಂತೆ," ಎಂದ ಓಗ್ನೆನ್. ದನಿಯಲ್ಲಿ ಬಲವಿರಲಿಲ್ಲ.

ಒಂದು ಮಧ್ಯಾಹ್ನ ಅವನ ಫೋನು ಬಂತು. ಹಿಂದೆ ಜನರ ಗದ್ದಲ, ಯಾರದೋ ಮಗುವಿನ ಅಳು, ಹಾರನ್ನುಗಳು.

"ಅಣ್ಣಾ, ಸುರಂಗ ಮುಗೀತಾನೇ ಇಲ್ಲ."

"ಏನಂದೆ?"

"ಹೊರಗೆ ಬಂದಿದೀವಂತೆ. ಎಲ್ರೂ ಹೇಳ್ತಿದಾರೆ, ಬಿಸಿಲಿದೆಯಂತೆ. ನಂಗೆ ಸುರಂಗ ಮುಗೀತಾನೇ ಇಲ್ಲ ಅಣ್ಣ. ಬ್ರೇಕ್ ಹಾಕಿ ಕೂತಿದೀನಿ. ಎಡಕ್ಕೆ ಪ್ರಪಾತ ಇರ್ಬೇಕು. ಬಾ."

ತಿಹೋಮಿರನಿಗೆ ಆಗಲೇ ಕಾರು ನಡೆಸುವಷ್ಟು ನೋಟ ಉಳಿದಿರಲಿಲ್ಲ. ಟ್ಯಾಕ್ಸಿ ಹಿಡಿದು ಹೋಗಿ ತಮ್ಮನನ್ನು ಸ್ಟೀರಿಂಗಿನಿಂದ ಬಿಡಿಸಿಕೊಂಡ. ಆ ಬೆರಳುಗಳನ್ನು ಒಂದೊಂದಾಗಿ ಬಿಚ್ಚಬೇಕಾಯಿತು. ಮರುದಿನ ಬೆಳಿಗ್ಗೆ ಅದೇ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಇಬ್ಬರೂ ತಿಮೋಕಿನ ಕಡೆ ಹೊರಟರು. ದಾರಿಯುದ್ದಕ್ಕೂ ಮರದ ಪೆಟ್ಟಿಗೆ ತಣ್ಣಗೆ ಬೆವರುತ್ತಿತ್ತು.

ಯೊನೆಲ್ ಗೇಟು ತೆಗೆದ. ಅವನಿನ್ನೂ ವಿಯೆನ್ನಾಕ್ಕೆ ಹೋಗಿರಲಿಲ್ಲ. "ದೊಡ್ಡಮ್ಮ ಎದ್ದೇಳ್ತಾ ಇಲ್ಲ ಸಾರ್," ಎಂದ ಪಿಸುದನಿಯಲ್ಲಿ. "ದೀಪಾನೂ ಹಾಕ್ಬೇಡ ಅಂತಾರೆ. ಅವ್ನು ಕತ್ತಲಲ್ಲಿ ಕೂತಿರ್ವಾಗ ನಂಗ್ಯಾಕೆ ಅಂತಾರೆ."

ಫ್ಲೋರಿಕಾ ಅಜ್ಜಿ ಆ ಖಾಲಿ ಮೇಜಿನ ಪಕ್ಕದ ಹಾಸಿಗೆಯಲ್ಲಿದ್ದಳು. ಕಂಪ್ಯೂಟರನ್ನು ಮೇಜಿನ ಮೇಲಿಟ್ಟ ಸದ್ದಿಗೆ ಎದ್ದು ಕೂತು, ಪೆಟ್ಟಿಗೆಯನ್ನು ಮಗುವಿನ ತಲೆ ಸವರುವಂತೆ ಸವರಿದಳು.

"ತಂದಿದೀವಿ ಅಜ್ಜಿ," ಎಂದ ತಿಹೋಮಿರ್. "ನಂದು ತಪ್ಪಾಯ್ತು. ನಮ್ಮನ್ನ ಬಿಡ್ಸು."

"ನಾನೇನೂ ಮಾಡಿಲ್ವಲ್ಲಪ್ಪ ಬಿಡ್ಸೋಕೆ. ಮಾಟಾನೂ ಇಲ್ಲ, ಮಂತ್ರಾನೂ ಇಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಹೆದರಿಸಿತು. "ಕತ್ತಲಲ್ಲಿ ಕೂತೋನು ಕೈಗೆ ಸಿಕ್ಕಿದ್ದನ್ನ ಹಿಡ್ಕೋತಾನೆ. ನೀವಿಬ್ರೂ ಅವ್ನ ಹತ್ರ ಬಂದು ಕೂತ್ರಿ. ನಿಮ್ಮ ಕಣ್ಣು ಹಿಡ್ಕೊಂಡ."

"ಬೆಳಕು ವಾಪಸ್ ಬಂತಲ್ಲ. ಬಿಡು ಅನ್ನು."

"ಒಬ್ರನ್ನ ಬಿಡೋ ಅಂತ ಕೇಳ್ಬೋದು. ಇಬ್ರನ್ನೂ ಬಿಡು ಅಂತ ಹೇಗೆ ಕೇಳ್ಲಿ? ಇಷ್ಟು ದಿನಕ್ಕೆ ಅವ್ನಿಗೆ ಒಂದು ಜೊತೆ ಸಿಕ್ಕಿದೆ." ಪೆಟ್ಟಿಗೆಯ ಮೇಲಿನ ಕೈ ತೆಗೆಯದೆ ಅವಳೆಂದಳು, "ನಾನು ತಾಯಿ ಕಣಪ್ಪ."

ಕೋಣೆಯಲ್ಲಿ ತುಳಸಿಯ ಒಣ ವಾಸನೆ, ಮೇಣದ ವಾಸನೆ. ಓಗ್ನೆನನ ಉಸಿರು ಜೋರಾಗಿ ಕೇಳಿಸುತ್ತಿತ್ತು. ಅವನಿಗೆ ಮದುವೆ ವಯಸ್ಸಿನ ಮಗಳಿದ್ದಳು. ಬಸ್ಸು ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ.

"ಅಣ್ಣ, ನೋಡು, ನಂದು ಹೆಂಗೂ ಪೂರ್ತಿ ಹೋಗಿದೆ. ನೀನಾದ್ರೂ…"

"ಬಾಯ್ಮುಚ್ಚೋ," ಎಂದ ತಿಹೋಮಿರ್. "ಅಜ್ಜಿ, ಹೇಗೆ ಹೇಳ್ಬೇಕು ಹೇಳ್ಕೊಡು."

ಯೊನೆಲ್ ರೊಟ್ಟಿ ತಂದಿಟ್ಟ. ಗೋಧಿ ಇಟ್ಟ. ಅಜ್ಜಿ ಬತ್ತಿ ಹಚ್ಚಿದಳು. ತಿಹೋಮಿರನಿಗೆ ಅದರ ಶಾಖ ಮಾತ್ರ ತಿಳಿಯಿತು. ಕೈಗೆ ನೀರಿನ ಹೂಜಿ ಕೊಟ್ಟಳು. ಅವಳು ಹೇಳಿಕೊಟ್ಟಂತೆ ಅವನು ನೀರನ್ನು ನೆಲಕ್ಕೆ ಬಿಡುತ್ತ ಹೇಳಿದ: "ಇದು ಪೌನನಿಗೆ. ಈ ಯಂತ್ರ ಪೌನನಿಗೆ. ನನ್ನ ಕಣ್ಣಿನ ಬೆಳಕು ಪೌನನಿಗೆ. ಅವನ ಮುಂದೆ ಇರಲಿ."

ನೀರು ನೆಲ ಮುಟ್ಟಿದ ಸದ್ದಾಗಲಿಲ್ಲ. ಬಹಳ ಆಳಕ್ಕೆ ಬೀಳುತ್ತಿರುವಂತೆ, ಬೀಳುತ್ತಲೇ ಇರುವಂತೆ, ಸುಮ್ಮನೆ ಹೂಜಿ ಹಗುರಾಯಿತು.

ಓಗ್ನೆನ್ ಕುರ್ಚಿ ಬೀಳಿಸಿಕೊಂಡು ಎದ್ದ. "ಕಿಟಕಿ," ಎಂದ. "ಅಣ್ಣ, ಕಿಟಕಿ ಕಾಣ್ತಿದೆ. ಹಿಮ ಬೀಳ್ತಿದೆ." ಆಮೇಲೆ ಅಳತೊಡಗಿದ.

ತಿಹೋಮಿರ್ ತಮ್ಮನ ಅಳುವನ್ನು ಕೇಳುತ್ತ ಕೂತ. ಕುರುಡುತನಕ್ಕೆ ಅವನು ಸಿದ್ಧನಾಗಿದ್ದ. ಕೋಲು ಹಿಡಿದರಾಯಿತು. ಬೆಸುಗೆಯ ಕೆಲಸ ಬಿಟ್ಟರಾಯಿತು. ಕತ್ತಲೆ ಸಂಪೂರ್ಣವಾಗಿತ್ತು, ಒಂದು ರೀತಿ ನೆಮ್ಮದಿಯೂ ಇತ್ತು.

ಆಗ ಬೆಳಕು ಕಂಡಿತು.

ಮೊದಲು ಬೂದು. ಆಮೇಲೆ ಹಾಲಿನ ಬಿಳುಪು. ಬಿಟ್ಟುಬಿಟ್ಟ, ನನ್ನನ್ನೂ ಬಿಟ್ಟ ಎಂದುಕೊಂಡ. ತಮ್ಮನಿಗೆ ಹೇಳಲು ಬಾಯಿ ತೆರೆದ. ಆ ಬೆಳಕು ಕಿಟಕಿಯದಾಗಿರಲಿಲ್ಲ.

ಪರದೆ. ಅದರ ಮುಂದೆ ಕೀಲಿಗಳು. ಕೀಲಿಗಳ ಮೇಲೆ ಬೆರಳು. ಬೆರಳು ಒದ್ದೆ. ಬಹಳ ಕಾಲ ನೀರಲ್ಲಿದ್ದ ಚರ್ಮದಂತೆ ಮುದುಡಿದ್ದವು. ಹೆಣೆದ ಸ್ವೆಟರಿನ ತೋಳು. ಅವನು ಆ ತೋಳಿನ ಪಕ್ಕದಲ್ಲೇ ಕೂತಿದ್ದ. ಭುಜಕ್ಕೆ ಭುಜ ತಾಗಿಸಿ. ಹುಡುಗ ತಿರುಗಲಿಲ್ಲ. ಆಟ ಶುರುಮಾಡುವುದರಲ್ಲಿ ಮಗ್ನನಾಗಿದ್ದ.

ಬೆಳಕಿನ ಅಂಚಿನಲ್ಲಿ ಏನೋ ಅಲುಗಿತು. ಇನ್ನೊಂದು ಅಲುಗಿತು. ಒಂದು ಮೊಣಕಾಲು. ಒಂದು ಕೈ. ಬತ್ತಿ ಇಲ್ಲದೆ ಹೋದವರು ಅವನೊಬ್ಬನೇ ಅಲ್ಲ. ಗಣಿಯಲ್ಲಿ ಹೋದವರು. ಯುದ್ಧದಲ್ಲಿ ಹೋದವರು. ಮುದುಕರು. ಹಸುಗೂಸುಗಳು. ಬೆಳಕು ಕಂಡು ಬರುತ್ತಿದ್ದರು. ಸಾಲುಸಾಲಾಗಿ. ತೆವಳುತ್ತ. ಹತ್ತಿರ. ಇನ್ನೂ ಹತ್ತಿರ.

"ಏಳಣ್ಣ, ಮನೆಗೆ ಹೋಗೋಣ," ಎಂದು ಓಗ್ನೆನ್ ಎಲ್ಲೋ ದೂರದಿಂದ ಅವನ ಭುಜ ಹಿಡಿದು ಎಬ್ಬಿಸುತ್ತಿದ್ದ.

ತಿಹೋಮಿರ್ ಎದ್ದ. ತಮ್ಮನ ಕೈ ಹಿಡಿದು ಹೊರಗೆ ನಡೆದ. ಕೆನ್ನೆಗೆ ಹಿಮ ತಾಗಿತು. ಮುಖಗಳು ಹಾಗೇ ಬರುತ್ತಿದ್ದವು. ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ರೆಪ್ಪೆಗಳ ಮೇಲೆ ಎರಡೂ ಅಂಗೈ ಒತ್ತಿಕೊಂಡ. ಪರದೆ ಹಾಗೇ ಬೆಳಗುತ್ತಿತ್ತು. ಮುಚ್ಚಿಕೊಳ್ಳಲು ಆ ಕಣ್ಣುಗಳು ಈಗ ಅವನ ಬಳಿ ಇರಲಿಲ್ಲ.